ಅಂಗಡಿ ನಡೆಸುತ್ತಲೇ ವಿಮಾನ ಕಲಿತದ್ದು

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ವಿಮಾನ ನಿಲ್ದಾಣವೂ ಅದೇ ರೋಡಿನಲ್ಲಿದೆ, ಹಾಗಾಗಿ ಈ ಹುಚ್ಚು ಎಲ್ಲಿಂದ ಬಂತು ಅಂತ ವಿವರಿಸಬೇಕಾಗಿಲ್ಲ. ನಲವತ್ತು ದಾಟಿದ ಮೇಲೆ, ಅಂಗಡಿಗೆ ಬೀಗ ಹಾಕದೆ, ಸಾಲ ಮಾಡದೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಮಾಡಿಕೊಂಡೆ. ‘ಅದ್ಹೆಂಗ್ರೀ ಆತು?’ ಅಂತ ಕೇಳುವವರು ಈಗೀಗ ಜಾಸ್ತಿಯಾಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪೈಲಟ್ ಅಂದ ಕೂಡಲೇ ಏರ್‌ಲೈನ್ ನೌಕರಿ ಅಂತಲೇ ಎಲ್ಲರೂ ತಿಳಿಯುತ್ತಾರೆ. ಅದಕ್ಕೆ ಬೇಕಾದದ್ದು ಕಮರ್ಷಿಯಲ್ ಲೈಸೆನ್ಸ್. 200 ಗಂಟೆ ಹಾರಬೇಕು, ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಗಣಿತ ಓದಿರಬೇಕು, ಕ್ಲಾಸ್ 1 ಮೆಡಿಕಲ್ ಪಾಸಾಗಬೇಕು. ನನ್ನಂಥವರಿಗೆ ಪ್ರೈವೇಟ್ ಲೈಸೆನ್ಸ್ ಸಾಕು. ಎಸ್ಸೆಸ್ಸೆಲ್ಸಿ ಪಾಸು, 17 ವರ್ಷ ವಯಸ್ಸು, ಕ್ಲಾಸ್ 2 ಮೆಡಿಕಲ್, 40 ಗಂಟೆ ಹಾರಾಟ. ಜೊತೆಗೆ ಡಿಜಿಸಿಎ, ಅಂದರೆ ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ, ನಡೆಸುವ ಪರೀಕ್ಷೆಗಳು ಮತ್ತು ರೇಡಿಯೋದಲ್ಲಿ ಮಾತಾಡಲು ಬೇರೆ ಲೈಸೆನ್ಸ್. ಕನ್ನಡಕ ಇದ್ದರೂ ನಡೆಯುತ್ತದೆ. ಆದರೆ ಈ ಲೈಸೆನ್ಸಿನಿಂದ ದುಡಿಯುವಂತಿಲ್ಲ. ಮನೆಯವರನ್ನು ಕೂರಿಸಿಕೊಂಡು ಹಾರಬಹುದು, ಬಾಡಿಗೆ ತೆಗೆದುಕೊಳ್ಳುವ ಹಾಗಿಲ್ಲ. ‘ಅಷ್ಟು ರೊಕ್ಕ ಗಾಳ್ಯಾಗ ಹಾರಸ್ತೀರೇನು?’ ಅಂತ ನಮ್ಮ ಮನೆಯವಳು ಕೇಳಿದಳು. ಹೌದು ಅನ್ನದೆ ಬೇರೆ ಉತ್ತರ ಇರಲಿಲ್ಲ.

ನಾನು ಕಲಿತದ್ದು ಬೆಳಗಾವಿಯ ಸಾಂಬ್ರಾದಲ್ಲಿ. ಹುಬ್ಬಳ್ಳಿಯಿಂದ ಹೆದ್ದಾರಿಯಲ್ಲಿ ಹೆಚ್ಚುಕಮ್ಮಿ ನೂರು ಕಿಲೋಮೀಟರ್. ನಸುಕಿನಲ್ಲೇ ಹೊರಟರೆ ಬೆಳಗಿನ ಮೊದಲ ಸ್ಲಾಟ್ ಸಿಗುತ್ತದೆ. ಒಂದು ಗಂಟೆ ಹಾರಿ, ತಿರುಗಿ ಬಂದು, ಸ್ವಲ್ಪ ತಡವಾಗಿ ಆದರೂ ಅಂಗಡಿ ಶಟರ್ ಎತ್ತಬಹುದು. ಬೆಳಗಿನ ಹೊತ್ತು ಗಾಳಿಯೂ ಶಾಂತವಾಗಿರುತ್ತದೆ, ಕಲಿಯುವವರಿಗೆ ಅದಕ್ಕಿಂತ ಒಳ್ಳೆ ಸಮಯ ಇಲ್ಲ.

‘ನಿಮ್ಮ ಅನುಕೂಲ ನೋಡಿಕೊಂಡು ಕಲೀರಿ’ ಅಂತ ಶಾಲೆಗಳು ಹೇಳುತ್ತವೆ. ಈ ಮಾತನ್ನು ಹುಷಾರಾಗಿ ಕೇಳಿಸಿಕೊಳ್ಳಬೇಕು. ತಿಂಗಳಿಗೊಂದು ಸಲ ಹೋಗಿ ಹಾರಿದರೆ ಕಲಿತಂತಲ್ಲ. ನಡುವೆ ಬಿಡುವು ಬಿದ್ದರೆ ಕೈಕಾಲು ಮರೆಯುತ್ತವೆ. ಮುಂದಿನ ಸಲ ಅರ್ಧ ಗಂಟೆ ಹಳೆಯದನ್ನು ಜ್ಞಾಪಿಸಿಕೊಳ್ಳುವುದರಲ್ಲೇ ಹೋಗುತ್ತದೆ. ಗಂಟೆಗೆ ಹತ್ತು ಸಾವಿರಕ್ಕಿಂತ ಮೇಲೆ ಬೀಳುವಾಗ ಆ ಅರ್ಧ ಗಂಟೆ ಎಷ್ಟು ದುಬಾರಿ ನೋಡಿ. ನಿಧಾನ ಇರಬೇಕಾದ್ದು ಪಾಠದಲ್ಲಿ. ಒಂದು ವಿಷಯ ಕೈಗೆ ಕೂರುವ ತನಕ ಮುಂದಕ್ಕೆ ಹೋಗದೆ ಇರಿ, ಪರವಾಗಿಲ್ಲ. ಆದರೆ ಎರಡು ಹಾರಾಟದ ನಡುವೆ ಹದಿನೈದು ದಿನ ಬಿಡಬೇಡಿ.

ಹಾಗಾಗಿ ನಾನು ವರ್ಷವನ್ನೇ ಎರಡು ಭಾಗ ಮಾಡಿಕೊಂಡೆ. ಬೆಳಗಾವಿ ಮಳೆ ಗೊತ್ತಲ್ವಾ? ಜೂನ್ ಹಿಡಿದರೆ ಮೋಡ ತಲೆಯ ಮೇಲೇ ಕೂತಿರುತ್ತದೆ. ಕಣ್ಣಿಂದ ನೋಡಿ ಹಾರುವವರಿಗೆ ನಿಲ್ದಾಣದ ಹತ್ತಿರ 5 ಕಿಲೋಮೀಟರ್ ದೂರ ಕಾಣಬೇಕು, ಮೋಡದ ತಳ 1,500 ಅಡಿಗಿಂತ ಕೆಳಗೆ ಇರಬಾರದು. ಮಳೆಗಾಲದಲ್ಲಿ ದಿನಗಟ್ಟಲೆ ಇದು ಸಿಗುವುದಿಲ್ಲ. ಆ ನಾಲ್ಕು ತಿಂಗಳು ಪುಸ್ತಕಕ್ಕೆ ಇಟ್ಟೆ. ಹವಾಮಾನ, ನೇವಿಗೇಶನ್, ನಿಯಮಗಳು. ಪಾಸಾಗಲು ನೂರಕ್ಕೆ 70 ಬೇಕು. ಅಕ್ಟೋಬರ್ ಮುಗಿಯುತ್ತಿದ್ದಂತೆ ವಾರಕ್ಕೆ ಎರಡು ದಿನ ಹಾರಾಟ. ಹೀಗೆ ಮಾಡಿದ್ದರಿಂದ ದುಡ್ಡೂ ಹಂಚಿ ಹೋಯಿತು, ಅಂಗಡಿಯೂ ಉಳಿಯಿತು. ಮಳೆಗಾಲದಲ್ಲಿ ಪಂಪ್ ಮೋಟರ್ ಸುಟ್ಟು ಬರುವುದು ಕಡಿಮೆ, ಓದಲು ಪುರುಸೊತ್ತು ಸಿಗುತ್ತಿತ್ತು.

ಬೇಸಿಗೆ ಮಧ್ಯಾಹ್ನ ಬೇಡವೇ ಬೇಡ, ಬಿಸಿಗೆ ಗಾಳಿ ತೆಳುವಾಗುತ್ತದೆ. ಸಾಂಬ್ರಾ ನಿಲ್ದಾಣ ಸಮುದ್ರ ಮಟ್ಟದಿಂದ ಹತ್ತಿರಹತ್ತಿರ 2,500 ಅಡಿ ಮೇಲಿದೆ. ಪುಸ್ತಕದ ಲೆಕ್ಕದಲ್ಲಿ ಆ ಎತ್ತರಕ್ಕೆ 10 ಡಿಗ್ರಿ ಇರಬೇಕು. ಏಪ್ರಿಲ್‌ನಲ್ಲಿ 37 ಇತ್ತು ಅಂತ ಇಟ್ಟುಕೊಳ್ಳಿ. ಜಾಸ್ತಿಯಾದ ಒಂದೊಂದು ಡಿಗ್ರಿಗೆ 120 ಅಡಿ ಕೂಡಿಸಬೇಕು. 27 ಡಿಗ್ರಿಗೆ 3,240 ಅಡಿ ಆಯಿತು. ಅಂದರೆ ವಿಮಾನದ ಪಾಲಿಗೆ ಆ ರನ್‌ವೇ 5,700 ಅಡಿ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ತುದಿಯೇ 6,300 ಅಡಿ ಚಿಲ್ಲರೆ! ಗಾಳಿ ತೆಳುವಾದಾಗ ಇಂಜಿನ್ ಉಸಿರೂ ಕಡಿಮೆ, ರೆಕ್ಕೆಗೆ ಆಸರೆಯೂ ಕಡಿಮೆ. ಓಟ ಉದ್ದ, ಏರುವುದು ನಿಧಾನ. ಈ ಗುಣಾಕಾರವನ್ನು ನಾನು ಅಂಗಡಿಯ ಬಿಲ್ ಬುಕ್ಕಿನ ಹಿಂದೆ ಮಾಡಿ ಮಾಡಿ ಬಾಯಿಪಾಠವಾಗಿದೆ.

ಕಲಿತದ್ದು ಸೆಸ್ನಾ 172 ಮೇಲೆ. ನಾಲ್ಕು ಸೀಟು, ರೆಕ್ಕೆ ತಲೆಯ ಮೇಲೆ, 1955ರಲ್ಲಿ ಮೊದಲು ಹಾರಿದ ವಿನ್ಯಾಸ. ಹೊರಡುವ ಮುಂಚೆ ಉಸಿರಿನ ಪರೀಕ್ಷೆ, ಕುಡಿದಿಲ್ಲ ಅಂತ ಸಾಬೀತಾಗಬೇಕು. ಆಮೇಲೆ ವಿಮಾನದ ಸುತ್ತ ಒಂದು ಸುತ್ತು. ರೆಕ್ಕೆಯ ತಳದಿಂದ ಒಂದು ಸಣ್ಣ ಪಾರದರ್ಶಕ ಲೋಟಕ್ಕೆ ಪೆಟ್ರೋಲ್ ಬಿಡುತ್ತೇವೆ. ಇದು ಏವ್‌ಗ್ಯಾಸ್, ನೀಲಿ ಬಣ್ಣ. ನೀರು ಸೇರಿದ್ದರೆ ತಳದಲ್ಲಿ ಗುಳ್ಳೆಯ ಹಾಗೆ ಬೇರೆಯಾಗಿ ನಿಲ್ಲುತ್ತದೆ. ಬೆಳಕಿಗೆ ಹಿಡಿದು ನೋಡದೆ ಚೆಲ್ಲಬಾರದು.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಮ್ಯಾಗ್ನೆಟೋ ಚೆಕ್. ಕಾಯಿಲ್ ಸುತ್ತುವವನಿಗೆ ಇದು ತವರುಮನೆ ವಿಷಯ. ಈ ಇಂಜಿನ್ನಿಗೆ ನಾಲ್ಕು ಸಿಲಿಂಡರ್, ಒಂದೊಂದಕ್ಕೆ ಎರಡು ಪ್ಲಗ್. ಎರಡು ಮ್ಯಾಗ್ನೆಟೋಗಳು ತಮ್ಮ ಪಾಡಿಗೆ ತಾವು ಕಿಡಿ ಹುಟ್ಟಿಸುತ್ತವೆ, ಬ್ಯಾಟರಿಯ ಹಂಗಿಲ್ಲ. ಮೇಲೆ ಹೋದಾಗ ಕರೆಂಟೆಲ್ಲ ಹೋದರೂ ಇಂಜಿನ್ ಓಡುತ್ತಲೇ ಇರುತ್ತದೆ. ರನ್‌ವೇಗೆ ಹೋಗುವ ಮುಂಚೆ 1,800 ಆರ್‌ಪಿಎಂಗೆ ಏರಿಸಿ, ಕೀಲಿಯನ್ನು ಒಂದು ಮ್ಯಾಗ್ನೆಟೋಗೆ ತಿರುಗಿಸಬೇಕು. ಒಂದೇ ಪ್ಲಗ್ ಉರಿಸುವುದರಿಂದ ಸ್ಪೀಡು ಸ್ವಲ್ಪ ಬೀಳುತ್ತದೆ. ನಾನು ಕಲಿತ ಮಾಡೆಲ್ಲಿನಲ್ಲಿ 150ಕ್ಕಿಂತ ಜಾಸ್ತಿ ಬೀಳಬಾರದು, ಎರಡರ ನಡುವೆ 50ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಇಲ್ಲೊಂದು ಸೂಕ್ಷ್ಮ ಇದೆ. ಸ್ಪೀಡು ಒಂಚೂರೂ ಬೀಳದಿದ್ದರೆ ಹುಡುಗರು ‘ಇಂಜಿನ್ ಭಾರಿ ಐತಿ’ ಅಂತ ಹಿಗ್ಗುತ್ತಾರೆ. ಅದು ಒಳ್ಳೆ ಲಕ್ಷಣವಲ್ಲ. ಬಂದ್ ಮಾಡಿದ ಮ್ಯಾಗ್ನೆಟೋ ನಿಜವಾಗಿ ಬಂದ್ ಆಗಿಲ್ಲ, ಅದರ ಅರ್ಥಿಂಗ್ ತಂತಿ ಎಲ್ಲೋ ಕಡಿದಿದೆ ಅಂತ ಅನುಮಾನ ಪಡಬೇಕು. ಅಂಥ ಇಂಜಿನ್ ಕೀಲಿ ತೆಗೆದ ಮೇಲೂ ಜೀವಂತ. ನಿಂತ ವಿಮಾನದ ಮೂಗಿನ ಪಂಕವನ್ನು (ಪ್ರೊಪೆಲರ್) ಯಾರಾದರೂ ಸುಮ್ನೆ ಕೈಯಿಂದ ತಿರುಗಿಸಿದರೆ ಸ್ಟಾರ್ಟ್ ಆಗಿಬಿಡಬಹುದು. ಇದಕ್ಕೇ ಪಂಕದ ಹತ್ತಿರ ಯಾರೂ ಆಟ ಆಡಬಾರದು ಅನ್ನುವುದು.

ಕಷ್ಟ ಕೊಟ್ಟದ್ದು ಇಳಿಯುವುದು. ಸೆಸ್ನಾದಲ್ಲಿ 65 ನಾಟ್ (ಗಂಟೆಗೆ 120 ಕಿಲೋಮೀಟರ್) ಸುಮಾರಿಗೆ ರನ್‌ವೇ ಕಡೆ ಬರುತ್ತೇವೆ. ನೆಲ ಹತ್ತಿರವಾದಾಗ ಮೂಗನ್ನು ಮೆಲ್ಲಗೆ ಎತ್ತಿ, ಹಿಂದಿನ ಎರಡು ಗಾಲಿ ಮೊದಲು ತಾಗುವ ಹಾಗೆ ಮಾಡಬೇಕು. ಇದಕ್ಕೆ ಫ್ಲೇರ್ ಅನ್ನುತ್ತಾರೆ. ಬೇಗ ಎತ್ತಿದರೆ ವಿಮಾನ ಮತ್ತೆ ಮೇಲೇಳುತ್ತದೆ, ತಡವಾದರೆ ಮೂಗಿನ ಗಾಲಿ ಕುಟ್ಟುತ್ತದೆ. ಎಷ್ಟು ಹೇಳಿಸಿಕೊಂಡರೂ ಬಾಯಿಮಾತಿನಲ್ಲಿ ಬರುವ ವಿದ್ಯೆ ಅಲ್ಲ ಇದು. ನನ್ನ ಇನ್‌ಸ್ಟ್ರಕ್ಟರ್ ನನಗಿಂತ ಎಷ್ಟೋ ಚಿಕ್ಕವರು. ಅವರು ಒಂದು ಉಪಾಯ ಮಾಡಿದರು. ಇಳಿಯುವುದು ಬೇಡ, ರನ್‌ವೇ ಮೇಲೆ ಆಳೆತ್ತರದಲ್ಲಿ ಸುಮ್ಮನೆ ಉದ್ದಕ್ಕೂ ಹೋಗಿ, ಕೊನೆಯಲ್ಲಿ ಪವರ್ ಕೊಟ್ಟು ಏರಿ ಅಂದರು. ಅಲ್ಲಿಯ ರನ್‌ವೇ 2 ಕಿಲೋಮೀಟರಿಗಿಂತ ಉದ್ದ, ಅದಕ್ಕೆ ಸಾಕಷ್ಟು ಜಾಗ. ಇಳಿಯುವ ಅವಸರ ಇಲ್ಲದಾಗ ಕಣ್ಣು ತಾನಾಗಿ ಮುಂದಿನ ತುದಿಗೆ ಹೋಯಿತು. ಮೂಗಿನ ಹತ್ತಿರದ ನೆಲ ನೋಡಿದರೆ ಎತ್ತರ ತಿಳಿಯುವುದಿಲ್ಲ, ದೂರದ ತುದಿ ನೋಡಿದರೆ ರನ್‌ವೇಯ ಎರಡೂ ಅಂಚು ಅಗಲವಾಗುತ್ತ ನೀವು ಕೆಳಗೆ ಬರುತ್ತಿರುವುದು ಗೊತ್ತಾಗುತ್ತದೆ. ನನಗೆ ಇದು ಸಾಕು ಅನ್ನಿಸುವ ತನಕ ಇದನ್ನೇ ಮಾಡಿಸಿ ಅಂತ ಕೇಳಿಕೊಂಡೆ.

ಜೊತೆಗಿದ್ದ ಹುಡುಗರು ನನಗಿಂತ ಮುಂಚೆ ಇನ್‌ಸ್ಟ್ರಕ್ಟರ್ ಇಲ್ಲದೆ ತಾವೊಬ್ಬರೇ ಹಾರಿ ಬಂದರು. ‘ಕಾಕಾ, ನಿಮ್ದು ಇನ್ನೂ ಸೋಲೋ ಆಗಿಲ್ಲೇನ್ರೀ?’ ಅಂತ ಕ್ಯಾಂಟೀನಿನಲ್ಲಿ ಕೇಳುತ್ತಿದ್ದರು. ಅವರಿಗೆ ನೌಕರಿಯ ಅವಸರ ಇತ್ತು, ನನಗೇನಿತ್ತು? ಸೋಲೋ ದಿನ ಆಶ್ಚರ್ಯ ಆದದ್ದು ಒಂದೇ. ಪಕ್ಕದ ಸೀಟಿನ ತೂಕ ಇಲ್ಲದ್ದಕ್ಕೆ ವಿಮಾನ ಬೇಗ ನೆಲ ಬಿಟ್ಟಿತು, ಇಳಿಯುವಾಗ ನೆಲಕ್ಕೆ ಬರಲು ಒಲ್ಲೆ ಅನ್ನುತ್ತಿತ್ತು.

ರೇಡಿಯೋ ಮಾತು ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂನಲ್ಲಿ ಓದಿದವರು ಇದಕ್ಕೆ ಹೆದರುತ್ತಾರೆ, ಹೆದರಬೇಕಾಗಿಲ್ಲ. ಅಲ್ಲಿ ಬಳಸುವ ಮಾತುಗಳು ಲೆಕ್ಕದವು, ಕ್ರಮವೂ ಗೊತ್ತಿರುವಂಥದ್ದು. ಯಾರನ್ನು ಕರೆಯುತ್ತೀರಿ, ನೀವು ಯಾರು, ಎಲ್ಲಿದ್ದೀರಿ, ಏನು ಬೇಕು. ರನ್‌ವೇ ನಂಬರ್, ಗಾಳಿಯ ಒತ್ತಡದ ಅಂಕಿ, ಅನುಮತಿ ಇವನ್ನು ಕೇಳಿಸಿಕೊಂಡ ಹಾಗೇ ತಿರುಗಿ ಹೇಳಬೇಕು. ಇದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಂಡು, ಸ್ಕೂಟರ್ ಮೇಲೆ ಹೋಗುವಾಗ ಒದರುತ್ತಿದ್ದೆ. ಅಂಗಡಿಯ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಕೈಗೆ ಥ್ರಾಟಲ್, ಫ್ಲ್ಯಾಪ್, ಟ್ರಿಮ್ ಅನ್ನುವ ಕಂಟ್ರೋಲುಗಳು ಎಲ್ಲೆಲ್ಲಿ ಸಿಗುತ್ತವೆ ಅಂತ ಹುಡುಕುವ ಅಭ್ಯಾಸವನ್ನೂ ಮಾಡಿದೆ. ಗಿರಾಕಿಗಳು ವಿಚಿತ್ರವಾಗಿ ನೋಡುತ್ತಿದ್ದರು. ಖರ್ಚಿಲ್ಲದೆ ಗಂಟೆ ಉಳಿಸಿದ ಅಭ್ಯಾಸ ಇದೊಂದೇ.

ಊರಿಂದೂರಿಗೆ ಹಾರುವ ಪಾಠದಲ್ಲಿ ಹುಬ್ಬಳ್ಳಿಗೇ ಬರುವ ಅವಕಾಶ ಸಿಕ್ಕಿತು. ನೇರ ಗೆರೆ ಎಳೆದರೆ ಬೆಳಗಾವಿಯಿಂದ 40 ನಾಟಿಕಲ್ ಮೈಲಿ, ಅಂದರೆ 75 ಕಿಲೋಮೀಟರ್ ಸುಮಾರು. ಗಾಳಿ ಇಲ್ಲದ ದಿನ 100 ನಾಟ್ ವೇಗಕ್ಕೆ 24 ನಿಮಿಷ. ಅಷ್ಟಕ್ಕೇ ಫ್ಲೈಟ್ ಪ್ಲ್ಯಾನ್ ಹಾಕಬೇಕು, ಹಾರಾಟ ಮಾಹಿತಿ ಕೇಂದ್ರದಿಂದ ಎಫ್‌ಐಸಿ ನಂಬರ್ ಮತ್ತು ವಾಯುಪಡೆಯ ಅನುಮತಿಯಾದ ಎಡಿಸಿ ನಂಬರ್ ಪಡೆಯಬೇಕು. ಹೊರಟ ಮೇಲೆ ಬಲಕ್ಕೆ ಕಿತ್ತೂರು. ಧಾರವಾಡ ಹೆಚ್ಚುಕಮ್ಮಿ ಕಾಲ ಕೆಳಗೇ ಬರುತ್ತದೆ. ಅಲ್ಲಿ ಬಲಕ್ಕೆ ನೋಡಿದರೆ ಕಲಘಟಗಿ ಕಡೆಯ ಹಸಿರು, ಎಡಕ್ಕೆ ನವಲಗುಂದದ ಎರೆ ಭೂಮಿ. ಮಲೆನಾಡ ಸೆರಗು, ಬಯಲುಸೀಮೆ ಅಂತ ಸಾಲಿಯಲ್ಲಿ ಓದಿದ್ದು ಎರಡು ಕಿಟಕಿಯಲ್ಲಿ ಕಂಡಿತು. ಉಣಕಲ್ ಕೆರೆ ಸಿಕ್ಕರೆ ಹುಬ್ಬಳ್ಳಿ ಸಿಕ್ಕ ಹಾಗೆ. ಪರಿಚಿತ ಊರಿನ ಮೇಲೆ ಒಂದು ಅಪಾಯ ಇದೆ, ಎಲ್ಲರೂ ತಮ್ಮ ಮನೆ ಹುಡುಕುತ್ತಾರೆ. ‘ಮೊದಲು ಎತ್ತರ ಮತ್ತು ವೇಗ ನೋಡಿ’ ಅಂತ ಇನ್‌ಸ್ಟ್ರಕ್ಟರ್ ಅಂದದ್ದು ಅದಕ್ಕೇ.

ಇನ್ನು ದುಡ್ಡಿನ ಮಾತು. ಪೂರ್ತಿ ಹಣ ಒಂದೇ ಸಲ ಕಟ್ಟಬೇಡಿ. ಐದೋ ಹತ್ತೋ ಗಂಟೆಯ ಲೆಕ್ಕದಲ್ಲಿ ಕಟ್ಟುವಂತೆ ಮಾತಾಡಿ. ವಿಮಾನ ತಪಾಸಣೆಗೆ ನಿಂತರೆ ವಾರಗಟ್ಟಲೆ ಸ್ಲಾಟ್ ಸಿಗದೆ ಹೋಗಬಹುದು, ಹಾಗಾಗಿ ಶಾಲೆಯಲ್ಲಿ ಎಷ್ಟು ವಿಮಾನ ಈಗ ಹಾರುತ್ತಿವೆ ಅಂತ ಕೇಳಿ. ಹ್ಯಾಂಗರಿನಲ್ಲಿ ಎಷ್ಟು ನಿಂತಿವೆ ಅನ್ನುವುದು ಬೇರೆ ಲೆಕ್ಕ. 40 ಗಂಟೆ ಕನಿಷ್ಠ ಮಾತ್ರ, ನಮ್ಮಂಥ ವಾರಕ್ಕೆರಡು ದಿನದವರಿಗೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ, ಅದಕ್ಕೂ ದುಡ್ಡು ಎತ್ತಿಡಿ. ಲೈಸೆನ್ಸ್ ಆದ ಮೇಲೆ ಗಂಟೆ ಲೆಕ್ಕದಲ್ಲಿ ವಿಮಾನ ಬಾಡಿಗೆಗೆ ಕೊಡುತ್ತಾರಾ ಅನ್ನುವುದನ್ನೂ ಸೇರುವ ಮೊದಲೇ ಕೇಳಿಕೊಳ್ಳಿ. ಕಮರ್ಷಿಯಲ್ ಹುಡುಗರಿಂದಲೇ ಸ್ಲಾಟ್ ತುಂಬಿರುವ ಕಡೆ ಹವ್ಯಾಸದವರಿಗೆ ವಿಮಾನ ಸಿಗುವುದು ಕಷ್ಟ.