ಬಸ್ಸಲ್ಲಿ ಪರ್ಸು ಬಿದ್ದುಹೋಯ್ತಾ? ಸಿಕ್ಕವರಿಗೆ ನೀವು ಸಿಗುವ ಹಾಗೆ ಮಾಡಿ

ಮಳೆಗಾಲದ ಒಂದು ಸಂಜೆ. ಬನಶಂಕರಿಯಲ್ಲಿ ಸಿಟಿ ಬಸ್ ಇಳಿದು ಹಾಲು ತಗೊಳ್ಳಲು ಅಂಗಡಿ ಮುಂದೆ ನಿಂತಾಗ ಜೇಬಿನಲ್ಲಿ ಪರ್ಸು ಇರಲಿಲ್ಲ. ಒಂದು ಕೈಯಲ್ಲಿ ಒದ್ದೆ ಕೊಡೆ, ಇನ್ನೊಂದು ಕೈ ಖಾಲಿ ಜೇಬಿನಲ್ಲಿ. ಎದೆ ಧಸಕ್ಕೆಂದಿತು. ಮೂರು ಸಾವಿರ ಚಿಲ್ಲರೆ ದುಡ್ಡು, ಎರಡು ಎಟಿಎಂ ಕಾರ್ಡು, ಡಿಎಲ್, ಆಧಾರ್ ಎಲ್ಲ ಅದರಲ್ಲೇ ಇತ್ತು.

ಮೂರನೇ ದಿನ ಪರ್ಸು ವಾಪಸ್ ಬಂತು. ತಂದುಕೊಟ್ಟವರು ಗಾರೆ ಕೆಲಸ ಮಾಡುವವರು. ಅವತ್ತು ರಾತ್ರಿಯೇ ಕೊಡೋಣವೆಂದು ಆಧಾರ್‌ನಲ್ಲಿದ್ದ ವಿಳಾಸ ಹುಡುಕಿಕೊಂಡು ಹೋಗಿದ್ದರಂತೆ. ನಾವು ಆ ಬಾಡಿಗೆ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಬಾಗಿಲು ತೆಗೆದವರಿಗೆ ನಮ್ಮ ಪರಿಚಯವೇ ಇಲ್ಲ. ಕೊನೆಗೆ ಪರ್ಸಿನ ಒಳಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿಟ್ಟಿದ್ದ ಮೆಡಿಕಲ್ ಶಾಪಿನ ಚೀಟಿ ಅವರ ಕಣ್ಣಿಗೆ ಬಿತ್ತು. ಅಮ್ಮನಿಗೆ ಬಿಪಿ ಮಾತ್ರೆ ತಂದ ಬಿಲ್ಲು ಅದು. ಮಸುಕಾಗಿದ್ದ ಅಂಗಡಿ ನಂಬರನ್ನು ಬೆಳಕಿಗೆ ಹಿಡಿದು ಓದಿ, ಫೋನ್ ಮಾಡಿದರು. ಅಂಗಡಿಯವರಿಗೆ ಅಮ್ಮ ಚೆನ್ನಾಗಿ ಗೊತ್ತು.

ಕೊಡುವ ಮನಸ್ಸು ಅವರಿಗೆ ಮೊದಲ ಗಂಟೆಯಿಂದಲೇ ಇತ್ತು. ನನ್ನನ್ನು ತಲುಪುವ ದಾರಿ ಮಾತ್ರ ಇರಲಿಲ್ಲ. ಅಂಥ ದಾರಿ ಮಾಡಿಡುವುದು ಹೇಗೆ, ಪರ್ಸು ಹೋದ ಕೂಡಲೇ ಏನೇನು ಮಾಡಬೇಕು ಎಂದು ಇಲ್ಲಿ ಹೇಳುತ್ತೇನೆ.

ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ

ಪರ್ಸು ಸಿಗಬಹುದು ಎಂದು ಕಾಯುತ್ತಾ ಕೂರಬೇಡಿ. ವೈ-ಫೈ ಗುರುತಿನಂಥ ಚಿಹ್ನೆ ಇರುವ ಕಾರ್ಡಾದರೆ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಬರೀ ತಾಗಿಸಿ ಪಾವತಿ ಮಾಡಬಹುದು. 2021ರ ಜನವರಿಯಿಂದ ಈ ಮಿತಿ ಇದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಸೌಲಭ್ಯ ಇದ್ದರೆ ಮೊದಲು ಅದನ್ನು ಒತ್ತಿ. ಇಲ್ಲವಾದರೆ ಸಹಾಯವಾಣಿಗೆ ಫೋನ್ ಮಾಡಿ, ದೂರಿನ ನಂಬರು ಬರೆದುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ನೀವು ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು. ತಿಳಿಸುವ ಮೊದಲು, ನಿಮ್ಮ ಅಜಾಗರೂಕತೆಯಿಂದ ಹೋದ ದುಡ್ಡು ನಿಮ್ಮದೇ ತಲೆ ಮೇಲೆ. ಪಿನ್ ನಂಬರನ್ನು ಚೀಟಿಯಲ್ಲಿ ಬರೆದು ಕಾರ್ಡಿನ ಜೊತೆಗೇ ಇಡುವವರು ಈಗಲೂ ಇದ್ದಾರೆ. ದಯವಿಟ್ಟು ಇವತ್ತೇ ಆ ಚೀಟಿ ಹರಿದು ಹಾಕಿ. ಖಾತೆಯಿಂದ ದುಡ್ಡು ಹೋಗಿದೆ ಎಂದು ಗೊತ್ತಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆಮೇಲೆ ಟಿಕೆಟ್ ಹುಡುಕಿ

ಇಳಿದ ಮೇಲೆ ನಾವು ಸುಮ್ನೆ ಎಸೆಯುವ ಟಿಕೆಟ್ಟಿನಲ್ಲಿ ದಿನಾಂಕ, ಸಮಯ, ಮಾರ್ಗದ ವಿವರ ಇರುತ್ತದೆ. ನೀವಿದ್ದ ಬಸ್ಸು ಯಾವುದು ಎಂದು ಪತ್ತೆ ಮಾಡಲು ಇಷ್ಟು ಬೇಕೇ ಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್ ಕೊಡುತ್ತಾರೆ. ದುಡ್ಡು ಕೊಟ್ಟಿಲ್ಲವಲ್ಲ ಎಂದು ಅದನ್ನು ಸೀಟಿನ ಸಂದಿಗೆ ತುರುಕುವುದನ್ನು ದಿನಾ ನೋಡುತ್ತೇನೆ. ಮನೆ ಸೇರುವ ತನಕ ಅದನ್ನೂ ಇಟ್ಟುಕೊಳ್ಳಿ, ಆದರೆ ಪರ್ಸಿನಲ್ಲಿ ಬೇಡ. ಟಿಕೆಟ್ ಇಲ್ಲದಿದ್ದರೆ, ಕಂಡಕ್ಟರಿಗೆ ಫೋನಿನಲ್ಲಿ ದುಡ್ಡು ಕೊಟ್ಟಿದ್ದ ಪಕ್ಷದಲ್ಲಿ ಅದರ ಸಮಯ ನೋಡಿ.

ಬಸ್ಸು ಎಲ್ಲಿ ಹೋಗಿ ನಿಲ್ಲುತ್ತದೋ ಆ ಕೊನೇ ಸ್ಟಾಪಿಗೆ ಹೋಗಿ. ದೊಡ್ಡ ಬಸ್ ನಿಲ್ದಾಣವಾದರೆ ಸಂಚಾರ ನಿಯಂತ್ರಕರ ಕೊಠಡಿ ಇರುತ್ತದೆ. ಅವರು ಕಂಡಕ್ಟರಿಗೆ ಸುದ್ದಿ ಮುಟ್ಟಿಸಬಲ್ಲರು. ಯಾವ ಕಡೆ, ಎಷ್ಟನೇ ಸೀಟಿನಲ್ಲಿ ಕೂತಿದ್ದಿರಿ ಎಂದು ಸರಿಯಾಗಿ ಹೇಳಿ. ಹಿಂಜೇಬಿನಿಂದ ಜಾರಿದ ಪರ್ಸು ಸೀಟಿಗೂ ಬಸ್ಸಿನ ಗೋಡೆಗೂ ನಡುವಿನ ಸಂದಿಯಲ್ಲಿ ನಿಂತುಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಡಿಪೋದಲ್ಲಿ ಕಸ ಗುಡಿಸುವಾಗಲೇ ಸಿಗಬೇಕು. ಅದಕ್ಕೇ ಮರುದಿನ ಬೆಳಿಗ್ಗೆ ಡಿಪೋದಲ್ಲಿ ಇನ್ನೊಂದು ಸಲ ಕೇಳಿ.

ಮೆಟ್ರೊದಲ್ಲಾದರೆ ಇಳಿದ ನಿಲ್ದಾಣದ ಕೌಂಟರಿನಲ್ಲೇ ಹೇಳಿ. ರೈಲಿನಲ್ಲಾದರೆ 139ಕ್ಕೆ ಫೋನ್ ಮಾಡಿ, ಬೋಗಿ ಮತ್ತು ಸೀಟ್ ನಂಬರು ಕೊಡಿ.

ಪೊಲೀಸರಿಗೆ ತಿಳಿಸುವುದು

ಕಳೆದುಹೋದ ವಸ್ತುವಿಗೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ಮನೆಯಲ್ಲೇ ಕೂತು ವರದಿ ಸಲ್ಲಿಸಬಹುದು. ಡೂಪ್ಲಿಕೇಟ್ ದಾಖಲೆ ಮಾಡಿಸಲು ಅದರ ಪ್ರತಿ ಬೇಕಾಗುತ್ತದೆ. ಯಾರೋ ಜೇಬಿಗೆ ಕೈ ಹಾಕಿ ಕದ್ದಿದ್ದಾರೆ ಎಂದಾದರೆ ಮಾತ್ರ ಇದು ಸಾಲದು, ಠಾಣೆಗೇ ಹೋಗಬೇಕು. ಡಿಎಲ್ ಹೋಯಿತೆಂದು ಗಾಡಿ ಮೂಲೆಗೆ ನಿಲ್ಲಿಸಬೇಕಿಲ್ಲ. ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿರುವ ಪ್ರತಿ ತೋರಿಸಿದರೆ ನಡೆಯುತ್ತದೆ.

ಫೋನ್ ಬಂದಾಗ

'ನಿಮ್ ಪರ್ಸು ಸಿಕ್ಕಿದೆ' ಎಂಬ ಮಾತು ಕೇಳಿದ ತಕ್ಷಣ ಮನಸ್ಸು ಹಿಗ್ಗುತ್ತದೆ. ಆದರೂ ಒಳಗೆ ಏನೇನಿದೆ ಎಂದು ಕೇಳಿ. ಒಟಿಪಿ ಹೇಳಿ ಎಂದರೆ, ಮೊದಲು ದುಡ್ಡು ಹಾಕಿ ಎಂದರೆ ಫೋನ್ ಇಟ್ಟುಬಿಡಿ. ಪರ್ಸು ವಾಪಸ್ ಕೊಡುವವರಿಗೆ ನಿಮ್ಮ ಒಟಿಪಿ ಯಾಕೆ ಬೇಕು, ಅಲ್ವಾ? ಭೇಟಿಗೆ ಬಸ್ ನಿಲ್ದಾಣದಂಥ ಜನ ಇರುವ ಜಾಗ ಒಳ್ಳೆಯದು. ಅವರ ಕೆಲಸ ಕೆಡದ ಹಾಗೆ ನೀವೇ ಅವರಿದ್ದಲ್ಲಿಗೆ ಹೋಗಿ.

ಆ ಗಾರೆ ಕೆಲಸದವರು ಪರ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಬೆರಳ ಸಂದಿಯಲ್ಲಿ ಸಿಮೆಂಟು ಒಣಗಿತ್ತು. ನಾನು ಹಾಗೇ ಜೇಬಿಗೆ ಹಾಕಿಕೊಳ್ಳಲು ಹೋದೆ. ತಡೆದರು. 'ಎಣಿಸ್ಕೊಳ್ಳಿ ಸಾರ್. ನನ್ ಮುಂದೇನೇ ಎಣಿಸಿ' ಎಂದರು. ಅವರನ್ನು ಅನುಮಾನಿಸಿದಂತೆ ಆಗುತ್ತದೆಂದು ನನಗೆ ಸಂಕೋಚ. ಅವರಿಗೆ ಮಾತ್ರ ಎಣಿಸಿದರೇ ಸಮಾಧಾನ, ನಾಳೆ ಯಾರೂ ಒಂದು ಮಾತು ಆಡಬಾರದು. ಎಣಿಸಿದೆ. ಸರಿಯಾಗಿತ್ತು. ನೀವೂ ಅವರೆದುರೇ ಎಣಿಸಿ, 'ಎಲ್ಲ ಸರಿಯಾಗಿದೆ' ಎಂದು ಬಾಯಿಬಿಟ್ಟು ಹೇಳಿ.

ಐನೂರರ ನೋಟು ಕೊಡಲು ಹೋದರೆ ಅವರು ಹಿಂದೆ ಸರಿದರು. ಅವತ್ತು ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದರು. 'ಇನಾಮು ಅಲ್ಲಣ್ಣಾ, ನನ್ನಿಂದ ನಿಮ್ಮ ಕೂಲಿ ಹೋಯ್ತಲ್ಲ, ಅದು' ಎಂದೆ. ಸ್ವಲ್ಪ ಯೋಚಿಸಿ ತೆಗೆದುಕೊಂಡರು. ಕೊಡುವುದಿದ್ದರೆ ಹೀಗೆ ಕೊಡಿ. ಒಲ್ಲೆ ಎಂದರೆ ಒತ್ತಾಯ ಮಾಡಬೇಡಿ.

ನಿಮಗೇ ಸಿಕ್ಕರೆ

ಬಸ್ಸಿನಲ್ಲಿದ್ದಾಗಲೇ ಸಿಕ್ಕರೆ ಕಂಡಕ್ಟರ್ ಕೈಗೆ ಕೊಟ್ಟು, ಬಸ್ಸಿನ ನಂಬರು ಬರೆದುಕೊಳ್ಳಿ. ಮಾಲೀಕರ ಫೋನ್ ನಂಬರು ಇಲ್ಲದಿದ್ದರೆ ಎಟಿಎಂ ಕಾರ್ಡಿನ ಹಿಂದಿರುವ ಬ್ಯಾಂಕಿನ ನಂಬರಿಗೆ ಹೇಳಿ. ಆಧಾರ್ ಕಾರ್ಡಿನ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕುವುದು ಬೇಡವೇ ಬೇಡ. ಒಳ್ಳೆಯ ಉದ್ದೇಶದಿಂದಲೇ ಹಾಕುತ್ತಾರೆ, ಆದರೆ ಅದು ಮೋಸಗಾರರ ಕೈಗೂ ಹೋಗುತ್ತದೆ. ಯಾರದೆಂದು ಗೊತ್ತಿದ್ದೂ ಇಟ್ಟುಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್ ಪ್ರಕಾರ ಅಪರಾಧ. ವಾಪಸ್ ಕೊಡುವ ಸಲುವಾಗಿ ಎತ್ತಿಟ್ಟುಕೊಂಡವರಿಗೆ ಅದರಿಂದ ಏನೂ ಭಯವಿಲ್ಲ.

ಇವತ್ತೇ ಒಂದು ಚೀಟಿ ಇಡಿ

'ಈ ಕಾಲದಲ್ಲಿ ಯಾರು ಕೊಡ್ತಾರೆ' ಎಂದು ಪರ್ಸು ಹೋದಾಗ ಮೂರು ಜನ ನನಗೆ ಹೇಳಿದರು. 'ಸೈನ್ಸ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ 2019ರಲ್ಲಿ ಬಂದ ಒಂದು ಅಧ್ಯಯನ ಬೇರೆಯದೇ ಹೇಳುತ್ತದೆ. ಭಾರತವೂ ಸೇರಿ 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಜಾಸ್ತಿ ಪರ್ಸುಗಳನ್ನು 'ರಸ್ತೆಯಲ್ಲಿ ಸಿಕ್ಕಿತು' ಎಂದು ಬ್ಯಾಂಕು, ಹೋಟೆಲು, ಅಂಚೆ ಕಚೇರಿಯಂಥ ಕಡೆ ಕೌಂಟರಿನಲ್ಲಿ ಸಂಶೋಧಕರ ಕಡೆಯವರು ಕೊಟ್ಟುಬಂದರು. ದುಡ್ಡಿಲ್ಲದ ಪರ್ಸಿನ ಮಾಲೀಕರಿಗೆ ಸುದ್ದಿ ಮುಟ್ಟಿಸಿದವರು 100ಕ್ಕೆ 40 ಜನ. ದುಡ್ಡಿದ್ದಾಗ 51 ಜನ! ಆ ಪರ್ಸುಗಳಲ್ಲೆಲ್ಲ ಮಾಲೀಕರ ಹೆಸರು, ಇಮೇಲ್ ಇರುವ ಕಾರ್ಡು ಹೊರಗೇ ಕಾಣುವಂತೆ ಇತ್ತು ಎಂಬುದನ್ನು ಮರೆಯಬೇಡಿ.

ನಮ್ಮ ಪರ್ಸಿನಲ್ಲಿ ಅಂಥದ್ದೇನಿದೆ? ಆಧಾರ್‌ನಲ್ಲಿ ಹಳೇ ವಿಳಾಸ, ಡಿಎಲ್‌ನಲ್ಲಿ ಅದಕ್ಕಿಂತ ಹಳೇದು. ಅದಕ್ಕೇ ದಪ್ಪ ಕಾಗದದ ಒಂದು ಚೀಟಿ ತಗೊಂಡು ಬಾಲ್ ಪೆನ್ನಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ: 'ಈ ಪರ್ಸು ಸಿಕ್ಕರೆ ದಯವಿಟ್ಟು ಫೋನ್ ಮಾಡಿ.' ಕೆಳಗೆ ಎರಡು ನಂಬರು. ಒಂದು ನಿಮ್ಮದು, ಇನ್ನೊಂದು ಮನೆಯವರದ್ದು, ಫೋನೂ ಜೊತೆಗೇ ಹೋಗಿರಬಹುದಲ್ಲ. ಮನೆ ವಿಳಾಸ ಬೇಡ. ಬೆವರಿಗೆ, ಮಳೆಗೆ ಅಳಿಸದಂತೆ ಮೇಲೆ ಸೆಲ್ಲೋ ಟೇಪ್ ಅಂಟಿಸಿ, ಪರ್ಸು ಬಿಚ್ಚಿದ ಕೂಡಲೇ ಕಾಣುವ ಜಾಗದಲ್ಲಿ ಇಡಿ. ನನ್ನ ಪರ್ಸಿನಲ್ಲಿ ಈಗ ಈ ಚೀಟಿ ಇದೆ. ಅದರ ಹಿಂದೆ, ನಾಲ್ಕು ಮಡಿಕೆಯ ಆ ಮೆಡಿಕಲ್ ಶಾಪಿನ ಬಿಲ್ಲೂ ಹಾಗೇ ಇದೆ.