ಸುಮ್ನಿದ್ದಾಗ್ಲೇ ಹ್ಯಾಂಗ್ ಆಗ್ತಿದ್ದ ಲ್ಯಾಪ್‌ಟಾಪ್, ಪ್ರೊಸೆಸರಿನ ಸಿ6 ನಿದ್ದೆ ಮುಚ್ಚಿ ಸರಿಮಾಡ್ಕೊಂಡಿದ್ದು

ಹ್ಯಾಂಗ್ ಆಗೋದ್ರಲ್ಲೂ ಎರಡು ಥರ ಇದೆ. ಬ್ರೌಸರಲ್ಲಿ ಸಿಕ್ಕಾಪಟ್ಟೆ ಟ್ಯಾಬ್ ತೆಗ್ದು ರ್‍ಯಾಮ್ ತುಂಬಿ ಒದ್ದಾಡೋದು ಒಂದು, ಅದು ಸ್ವಲ್ಪ ಕಾದ್ರೆ ವಾಪಸ್ ಬರತ್ತೆ. ನಂದು ಆ ಥರ ಅಲ್ಲ. ಮೌಸ್ ಇದ್ದಲ್ಲೇ ನಿಂತುಬಿಡ್ತಿತ್ತು, ಹಾಡು ಓಡ್ತಿದ್ರೆ ಕೊನೇ ಚೂರು ಗರ್ರ್ ಅಂತ ಅದನ್ನೇ ಬಡ್ಕೊಳ್ತಿತ್ತು, ಕ್ಯಾಪ್ಸ್ ಲಾಕ್ ಒತ್ತಿದ್ರೆ ಲೈಟೂ ಹತ್ತಲ್ಲ, ಆಲ್ಟ್ ಜೊತೆ ಸಿಸ್‌ರಿಕ್ಯೂ (ಲಿನಕ್ಸಲ್ಲಿ ತುರ್ತು ಕಮಾಂಡ್ ಕೊಡೋ ಕೀ) ಹಿಡ್ಕೊಂಡು ಬಿ ಒತ್ತಿದ್ರೂ ರೀಬೂಟ್ ಆಗಲ್ಲ, ಫೋನಿಂದ ಪಿಂಗ್ ಮಾಡಿದ್ರೆ ಉತ್ತರ ಇಲ್ಲ. ಪವರ್ ಬಟನ್ ಅದುಮಿ ಹಿಡಿಯೋದೊಂದೇ ದಾರಿ.

ಸೆಕೆಂಡ್‌ಹ್ಯಾಂಡ್ ಮಷೀನು, ಇಂಟೆಲ್ಲಿನ ಬೇ ಟ್ರೈಲ್ ಕಾಲದ ಚಿಪ್ಪು (2013ರಲ್ಲಿ ಮಾರ್ಕೆಟ್ಟಿಗೆ ಬಂದಿದ್ದು), 4 ಜಿಬಿ ರ್‍ಯಾಮ್, ಉಬುಂಟು. ರಿಪೇರಿ ಅಂಗಡಿಯವ್ರು ನೋಡಿದವ್ರೇ ‘ಬೋರ್ಡ್ ಹೋಗಿದೆ ಸಾರ್, ಹೊಸದು ತಗೊಳ್ಳಿ’ ಅಂದ್ರು. ಬೋರ್ಡ್ ಹೋಗಿದ್ರೆ ಸಿನಿಮಾ ಕನ್ವರ್ಟ್ ಮಾಡಕ್ಕೆ ಹಾಕಿದಾಗ ರಾತ್ರಿಯೆಲ್ಲ ಹೇಗೆ ಓಡತ್ತೆ ಅನ್ನೋದು ನನ್ನ ಪ್ರಶ್ನೆ.

ಮೊದ್ಲು ಮಾಮೂಲಿ ಚೆಕ್‌ಗಳು. ರ್‍ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್ ರಾತ್ರಿಯೆಲ್ಲ ಓಡಿಸ್ದೆ, ಒಂದೂ ಎರರ್ ಇಲ್ಲ. ಡಿಸ್ಕಿನ ಆರೋಗ್ಯ ಹೇಳೋ ಸ್ಮಾರ್ಟ್ ರಿಪೋರ್ಟ್ ಕ್ಲೀನ್, ಟೆಂಪರೇಚರ್ ಕೂಡ ನಾರ್ಮಲ್. ಜರ್ನಲ್‌ಸಿಟಿಎಲ್‌ನಲ್ಲಿ ಹಿಂದಿನ ಬೂಟಿನ ಲಾಗ್ ತೆಗ್ದು ನೋಡಿದ್ರೆ ಯಾವ ಎರರೂ ಇಲ್ದೆ ಮಾತಾಡ್ತಾ ಮಾತಾಡ್ತಾ ಬಾಯಿ ಮುಚ್ಚಿದ ಹಾಗೆ ನಿಂತಿದೆ, ಕರ್ನಲ್ (ಲಿನಕ್ಸಿನ ಒಳತಿರುಳು) ಪ್ಯಾನಿಕ್ ಆಗಿ ಕುಸಿದ ಗುರುತೂ ಇಲ್ಲ. ಅಂದ್ರೆ ಎರರ್ ಬರ್ಕೊಳ್ಳೋಕೂ ಟೈಮ್ ಸಿಗದೇ ಪ್ರೊಸೆಸರ್ರೇ ನಿಂತಿದೆ ಅಂತಾಯ್ತು.

ಸುಳಿವು ಸಿಕ್ಕಿದ್ದು ಯಾವಾಗ ನಿಲ್ಲತ್ತೆ ಅಂತ ಬರೆದಿಡೋಕೆ ಶುರು ಮಾಡಿದ್ಮೇಲೆ. ಪಿಡಿಎಫ್ ಓದ್ತಾ ಇದ್ದಾಗ, ಯೂಟ್ಯೂಬ್ ಹಾಕಿ ಊಟಕ್ಕೆ ಕೂತಾಗ, ಬರೀ ಡೆಸ್ಕ್‌ಟಾಪ್ ತೋರಿಸ್ಕೊಂಡು ಇದ್ದಾಗ. ಭಾರದ ಕೆಲ್ಸ ಕೊಟ್ಟಾಗ ಒಂದ್ಸಲಾನೂ ಇಲ್ಲ. ಪರೀಕ್ಷೆ ಮಾಡೋಣ ಅಂತ ಸ್ಟ್ರೆಸ್ ಅನ್ನೋ ಪ್ರೋಗ್ರಾಂನಿಂದ ಎಲ್ಲಾ ಕೋರುಗಳಿಗೂ ಸುಮ್ಸುಮ್ನೆ ಕೆಲ್ಸ ಕೊಟ್ಟು ಅದೇ ಯೂಟ್ಯೂಬ್ ಓಡಿಸ್ದೆ, ವಿಡಿಯೋ ತಡವರಿಸ್ತು ಆದ್ರೆ ಮಷೀನ್ ನಿಲ್ಲಲಿಲ್ಲ. ಅಲ್ಲಿಗೆ ಪವರ್ ಸೇವಿಂಗ್ ಮೇಲೆ ಅನುಮಾನ ಬಂತು.

ಕೆಲ್ಸ ಇಲ್ದಾಗ ಪ್ರೊಸೆಸರ್ ನಿದ್ದೆಗೆ ಜಾರತ್ತೆ, ಆ ನಿದ್ದೆಗೆ ಮಟ್ಟಗಳಿವೆ, ಅವೇ ಸಿ-ಸ್ಟೇಟ್‌ಗಳು. ಸಿ0 ಅಂದ್ರೆ ಎಚ್ಚರ. ಸಿ1ರಲ್ಲಿ ಕ್ಲಾಕ್ ಮಾತ್ರ ನಿಲ್ಲತ್ತೆ, ಬಸ್ಸಲ್ಲಿ ತೂಕಡಿಸಿದ ಹಾಗೆ, ಕಂಡಕ್ಟರ್ ಕೂಗಿದ್ರೆ ತಕ್ಷಣ ಕಣ್ಣು ಬಿಡತ್ತೆ. ಸಿ6ರಲ್ಲಿ ಕೋರ್ ತನ್ನ ಸ್ಥಿತಿಯನ್ನೆಲ್ಲ ಪಕ್ಕಕ್ಕೆ ಬರೆದಿಟ್ಟು ಪವರ್ರನ್ನೇ ಕಟ್ ಮಾಡ್ಕೊಳ್ಳತ್ತೆ, ಸಿ7 ಇನ್ನೂ ಆಳ. ನನ್ನ ಮಷೀನಲ್ಲಿ ಎಚ್ಚರ ಆಗೋಕೆ ಬೇಕಾದ ಟೈಮು ಸಿ1ಕ್ಕೆ 1 ಮೈಕ್ರೋಸೆಕೆಂಡ್, ಸಿ6ಎನ್‌ಗೆ 300, ಸಿ7ಎಸ್‌ಗೆ 10,000 ಅಂತ ಕರ್ನಲ್ಲೇ ತೋರಿಸತ್ತೆ (ಎನ್, ಎಸ್ ಅಂದ್ರೆ ಅದೇ ಮಟ್ಟದ ಒಳಬಗೆಗಳು). ವಿಡಿಯೋ ನೋಡೋವಾಗ ಈ ಮಲಗೋದು ಏಳೋದು ಸೆಕೆಂಡಿಗೆ ನೂರಾರು ಸಲ ನಡೀತಿರತ್ತೆ, ತೊಂದ್ರೆ ಅಲ್ಲೇ ಇದ್ರೆ ಬೇಗ ಕಚ್ಕೊಳ್ಳತ್ತೆ.

ಡೆಸ್ಕ್‌ಟಾಪ್ ಆಗಿದ್ರೆ ಸಾಮಾನ್ಯವಾಗಿ ಬಯೋಸಲ್ಲೇ ಈ ನಿದ್ದೆ ಬಂದ್ ಮಾಡೋ ಆಪ್ಷನ್ ಇರತ್ತೆ, ಈ ಅಗ್ಗದ ಲ್ಯಾಪ್‌ಟಾಪ್ ಬಯೋಸಲ್ಲಿ ಗಡಿಯಾರ ಸೆಟ್ ಮಾಡೋದು ಬಿಟ್ರೆ ಜಾಸ್ತಿ ಏನೂ ಇಲ್ಲ. ಹಾಗಾಗಿ ಬೂಟ್ ಆಗೋವಾಗ ಗ್ರಬ್ (ಲಿನಕ್ಸನ್ನ ಶುರು ಮಾಡಿಸೋ ಪ್ರೋಗ್ರಾಂ) ಮೆನುವಲ್ಲಿ ಇ ಒತ್ತಿ ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೇಲಿ ಮ್ಯಾಕ್ಸ್_ಸಿಸ್ಟೇಟ್=1 ಅನ್ನೋ ಪ್ಯಾರಾಮೀಟರ್ ಸೇರಿಸ್ದೆ (ಅದಕ್ಕಿಂತ ಮೊದ್ಲು ಇಂಟೆಲ್_ಐಡಲ್ ಅನ್ನೋ ಐಡಲ್ ಡ್ರೈವರಿನ ಹೆಸ್ರು, ಆಮೇಲೆ ಒಂದು ಚುಕ್ಕಿ ಇರ್ಬೇಕು). ಹೀಗೆ ಮಾಡಿದ್ದು ಆ ಒಂದು ಬೂಟಿಗೆ ಮಾತ್ರ, ಎಡವಟ್ಟಾದ್ರೆ ರೀಸ್ಟಾರ್ಟ್ ಮಾಡಿದ್ರೆ ಹೋಯ್ತು, ಅದ್ಕೆ ನೇರ ಗ್ರಬ್ ಫೈಲಿಗೆ ಕೈ ಹಾಕೋ ಬದ್ಲು ಮೊದ್ಲು ಇದನ್ನೇ ಮಾಡಿ. ಮಷೀನ್ ನಿಲ್ಲೋದು ನಿಂತ್ಹೋಯ್ತು! ಕರ್ನಲ್ ಬಗ್‌ಗಳ ಪಟ್ಟಿಯಲ್ಲಿ ಇದೇ ಚಿಪ್ಪಿನ ಇದೇ ಕಥೆ 2015ರಿಂದ 109051 ಅನ್ನೋ ನಂಬರಲ್ಲಿದೆ, ವರ್ಷಗಟ್ಲೆ ಜನ ಬರ್ಕೊಂಡಿದಾರೆ.

ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸ್ತಾರೆ, ನನಗೆ ಅದು ಸರಿ ಬರ್ಲಿಲ್ಲ. ಸಿ1ರ ಆಚೆ ಹೋಗ್ಬೇಡ ಅಂದ್ರೆ ಕೋರ್‌ಗಳು ಸರಿಯಾಗಿ ಮಲಗೋದೇ ಇಲ್ಲ, ಕೈ ಇಡೋ ಜಾಗ ಬೆಚ್ಚಗಾಗತ್ತೆ, ಬ್ಯಾಟರಿ ಕಣ್ಣೆದುರೇ ಇಳಿಯತ್ತೆ, ಕರೆಂಟ್ ಹೋಗೋ ಊರಲ್ಲಿ ಲ್ಯಾಪ್‌ಟಾಪ್ ಇಟ್ಕೊಳ್ಳೋದೇ ಬ್ಯಾಟರಿಗೋಸ್ಕರ. ಯಾವ ಮಟ್ಟದಲ್ಲಿ ತೊಂದ್ರೆ ಅಂತ ಗೊತ್ತಾದ್ರೆ ಅದನ್ನ ಮಾತ್ರ ಮುಚ್ಬಹುದಲ್ವಾ. ಆ ಪ್ಯಾರಾಮೀಟರ್ ತೆಗ್ದು ಹಾಕಿ ಕರ್ನಲ್ ತನ್ನ ಸೆಟ್ಟಿಂಗ್‌ಗಳನ್ನ ತೋರಿಸೋ ಸಿಸ್ ಫೋಲ್ಡರಿಗೆ ಹೋದೆ. ಅಲ್ಲಿ ಪ್ರತೀ ಕೋರಿಗೂ ಸಿಪಿಯುಐಡಲ್ ಅಂತ ಒಂದು ಫೋಲ್ಡರ್, ಅದ್ರೊಳಗೆ ಸ್ಟೇಟ್0, ಸ್ಟೇಟ್1 ಹೀಗೆ ಸಾಲಾಗಿ, ಒಂದೊಂದ್ರಲ್ಲೂ ನೇಮ್, ಲೇಟೆನ್ಸಿ, ಯೂಸೇಜ್, ಡಿಸೇಬಲ್ ಅನ್ನೋ ಫೈಲುಗಳು. ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಆಗಿ ಡಿಸೇಬಲ್‌ಗೆ 1 ಬರೆದ್ರೆ ಆ ಮಟ್ಟ ಬಂದ್, 0 ಬರೆದ್ರೆ ವಾಪಸ್, ರೀಬೂಟೂ ಬೇಡ.

ಸಿ7, ಸಿ7ಎಸ್ ಎರಡನ್ನೂ ಮುಚ್ಚಿ ಸಿ6 ಬಿಟ್ಟೆ, ಮಷೀನ್ ನಿಂತೇ ನಿಲ್ತು. ತಿರುಗಿಸ್ದೆ, ಸಿ6ಎನ್ ಮತ್ತೆ ಸಿ6ಎಸ್ ಮುಚ್ಚಿ ಸಿ7 ಎರಡೂ ಬಿಟ್ಟೆ, ವಾರಗಟ್ಲೆ ಓಡ್ತು. ಆಳವಾದ ನಿದ್ದೆಯೇ ಕಷ್ಟ ಅಂದ್ಕೊಂಡಿರ್ತೀವಿ, ಇಲ್ಲಿ ನಡುವಿನದ್ದೇ ಕೈ ಕೊಡ್ತಿತ್ತು. ಆ ಪೀಳಿಗೆ ಚಿಪ್ಪಿನ ದೋಷಪಟ್ಟಿಯಲ್ಲೂ, ಇಂಟರಪ್ಟ್ (ಪ್ರೊಸೆಸರ್ರನ್ನ ಕೂಗಿ ಕರೆಯೋ ಸಿಗ್ನಲ್) ಒಂದಕ್ಕೆ ಉತ್ತರ ಕೊಡ್ತಿರೋ ಮಧ್ಯೆ ಕೋರ್ ಸಿ6ಗೆ ಹೋದ್ರೆ ‘ಮುಗೀತು’ ಅನ್ನೋ ಸಿಗ್ನಲ್ ಹೋಗದೇ ಇರಬಹುದು ಅಂತ ಇದೆ, ಅದು ಹೋಗ್ದಿದ್ರೆ ಮುಂದಿನ ಇಂಟರಪ್ಟ್‌ಗಳು ಕಾಯ್ತಾ ಕೂರ್ತವೆ. ನನ್ನ ಮಷೀನಲ್ಲಿ ಆಗಿದ್ದು ಇದೇ ಅಂತ ಪ್ರಮಾಣ ಮಾಡಿ ಹೇಳಲ್ಲ, ಲಕ್ಷಣ ಮಾತ್ರ ತಾಳೆ ಆಗತ್ತೆ. ಬ್ಯಾಟರಿ ಹೆಚ್ಚುಕಮ್ಮಿ ಮೊದ್ಲಿನಷ್ಟೇ ಬರ್ತಿದೆ, ಯೂಸೇಜ್ ಫೈಲ್ ನೋಡಿದ್ರೆ ಸಿ6ರ ಲೆಕ್ಕ ಅಲ್ಲೇ ನಿಂತಿದೆ, ಸಿ7ದು ಏರ್ತಾ ಇದೆ.

ರೀಬೂಟ್ ಆದ್ರೆ ಈ ಸೆಟ್ಟಿಂಗ್ ಹೋಗಿಬಿಡತ್ತೆ, ಅದ್ಕೆ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಬರ್ದು ಅದನ್ನ ಸಿಸ್ಟಮ್‌ಡಿ (ಬೂಟಲ್ಲಿ ಪ್ರೋಗ್ರಾಂಗಳನ್ನ ಶುರು ಮಾಡೋದು) ಸರ್ವಿಸ್ ಮಾಡಿ ಬೂಟಲ್ಲೇ ಓಡೋ ಹಾಗೆ ಇಟ್ಟಿದೀನಿ. ನೀವೂ ಬರೆಯೋದಾದ್ರೆ ಸ್ಟೇಟ್2, ಸ್ಟೇಟ್3 ಅಂತ ನಂಬರ್ ನೋಡಿ ಮುಚ್ಬೇಡಿ, ನೇಮ್ ಫೈಲ್ ಓದಿ ಅದ್ರಲ್ಲಿ ಸಿ6 ಅಂತ ಇದ್ರೆ ಮಾತ್ರ ಮುಚ್ಚೋ ಹಾಗೆ ಬರೀರಿ, ಬೇರೆ ಚಿಪ್ಪಲ್ಲಿ ಅದೇ ನಂಬರಿಗೆ ಬೇರೆ ಮಟ್ಟ ಇರತ್ತೆ.