ಕಟ್ಟಡದ ಸೈಟಿನಲ್ಲಿ ಗುಣಮಟ್ಟ ಸುಧಾರಣಾ ತಂಡ: ಅಡ್ಡಿಗಳನ್ನು ದಾಟುವ ಬಗೆ

ಜಪಾನಿನ ಕಾರ್ಖಾನೆಗಳಲ್ಲಿ 1962ರಲ್ಲಿ ಆರಂಭವಾದ ಗುಣಮಟ್ಟ ವೃತ್ತಗಳು (ಕಾರ್ಮಿಕರೇ ಸಣ್ಣ ತಂಡವಾಗಿ ಕೂತು ತಮ್ಮ ಕೆಲಸದ ದೋಷ ಹುಡುಕಿ ಸರಿಪಡಿಸುವ ಕ್ರಮ) ಎಂಬತ್ತರ ದಶಕದ ಆರಂಭದಲ್ಲಿ ಸರ್ಕಾರಿ ವಿದ್ಯುತ್ ಯಂತ್ರೋಪಕರಣ ಕಂಪನಿ ಬಿಎಚ್‌ಇಎಲ್‌ನ ಹೈದರಾಬಾದ್ ಘಟಕದ ಮೂಲಕ ಭಾರತಕ್ಕೆ ಬಂದವು. ಕಾರ್ಖಾನೆಯಲ್ಲಿ ಒಂದೇ ಆಡಳಿತದ ಕೆಳಗಿನ ಅದೇ ಜನ ಅದೇ ಯಂತ್ರದ ಮುಂದೆ ವರ್ಷಗಟ್ಟಲೆ ದುಡಿಯುತ್ತಾರೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಾದರೋ ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್‌ನವರು, ಕಂಬಿ ಕಟ್ಟುವವರು, ಕಾಂಕ್ರೀಟ್ ಹಾಕುವವರು, ವೈರಿಂಗ್ ಪೈಪ್ ಎಳೆಯುವವರು ಬೇರೆ ಬೇರೆ ಉಪಗುತ್ತಿಗೆದಾರರ ಕಡೆಯವರಾಗಿರುತ್ತಾರೆ. ಇಲ್ಲಿ ತಂಡ ಕಟ್ಟಲು ಅಡ್ಡಿಯಾಗಿರುವುದು ಕಾರ್ಮಿಕರ ಅಜ್ಞಾನವಲ್ಲ, ಅವರಿಗೆ ಹಣ ಕೊಡುವ ರೀತಿ.

ಆದ್ದರಿಂದ ಮೊದಲ ಕೆಲಸ ಲೆಕ್ಕ ಸರಿಪಡಿಸುವುದು. ಕಂಬಿ ಕೆಲಸಕ್ಕೆ ಟನ್ನಿನ ಲೆಕ್ಕ, ಪ್ಲಾಸ್ಟರಿಗೆ ಚದರ ಅಡಿಯ ಲೆಕ್ಕ ಇರುವಾಗ ಅರ್ಧ ಗಂಟೆಯ ಸಭೆ ಎಂದರೆ ಅರ್ಧ ಗಂಟೆಯ ಕೂಲಿ ಖೋತಾ. ಸಭೆಯ ಸಮಯಕ್ಕೆ ಮುಖ್ಯ ಗುತ್ತಿಗೆದಾರನೇ ಹಣ ಕೊಡುತ್ತಾನೆಂದು ವರ್ಕ್ ಆರ್ಡರಿನಲ್ಲಿಯೇ ಬರೆಸಬೇಕು. ಊಟದ ಬಿಡುವಿನಲ್ಲಿ ಸಭೆ ಕರೆಯುವುದು ಜನರನ್ನು ದೂರ ಮಾಡುವ ಖಚಿತ ಮಾರ್ಗ.

ಎರಡನೆಯದಾಗಿ, ತಂಡಕ್ಕೆ ಒಂದು ಸಲಕ್ಕೆ ಒಂದೇ ದೋಷವನ್ನು ಒಪ್ಪಿಸಬೇಕು. ಕವರ್ ಬ್ಲಾಕ್‌ನ ವಿಷಯವನ್ನೇ ತೆಗೆದುಕೊಳ್ಳೋಣ: ಕಂಬಿ ಅಚ್ಚಿಗೆ ತಾಗದಂತೆ ನಡುವೆ ಇಡುವ ಸಣ್ಣ ಬಿಲ್ಲೆಯಿದು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಸಾಮಾನ್ಯವಾಗಿ ಕಂಬಗಳಲ್ಲಿ ಕಂಬಿಗೆ ಕನಿಷ್ಠ 40 ಮಿ.ಮೀ., ಸೌಮ್ಯ ಪರಿಸರದ (ಮಳೆಗಾಳಿಗೆ ಒಡ್ಡಿಕೊಳ್ಳದ) ಸ್ಲ್ಯಾಬ್‌ನಲ್ಲಿ 20 ಮಿ.ಮೀ. ಕಾಂಕ್ರೀಟ್ ಹೊದಿಕೆ ಇರಬೇಕು. ಆದರೂ ಸೆಂಟ್ರಿಂಗ್ ಬಿಚ್ಚಿದಾಗ ಸ್ಲ್ಯಾಬ್‌ನ ಅಡಿಯಲ್ಲಿ ಕಂಬಿಯ ಗೆರೆ ಕಾಣುವುದುಂಟು. ಎಂಜಿನಿಯರು ಮೇಸ್ತ್ರಿಗೆ ಬೈಯುತ್ತಾರೆ, ಮುಂದಿನ ಮಹಡಿಯಲ್ಲಿಯೂ ಅದೇ ಗೆರೆ. ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ತಂಡವು ಸ್ಲ್ಯಾಬ್ ಮೇಲೆ ನಡೆದು ನೋಡಿದರೆ ಕಾರಣ ತಾನಾಗಿ ತೋರುತ್ತದೆ: ಉಳಿದ ಗಾರೆಯಲ್ಲಿ ಎರಕ ಹೊಯ್ದು, ನೀರುಣಿಸದೆ ಬಿಟ್ಟ ಬ್ಲಾಕ್‌ಗಳು ಕಾಲಿಟ್ಟೊಡನೆ ಪುಡಿಯಾಗಿವೆ, ಪೈಪ್ ಎಳೆಯುವವರು ಕೆಲವನ್ನು ಸರಿಸಿದ್ದಾರೆ, ಬ್ಲಾಕ್ ಇಡುವುದಕ್ಕೆ ಯಾರ ಬಿಲ್ಲಿನಲ್ಲಿಯೂ ದರವಿಲ್ಲ. ಹೀಗಾಗಿ ನಾಲ್ಕೂ ಗುಂಪಿನ ಮೇಸ್ತ್ರಿಗಳು ಒಟ್ಟಿಗೆ ಕೂರದ ಹೊರತು ಈ ದೋಷಕ್ಕೆ ವಾರಸುದಾರರೇ ಸಿಗುವುದಿಲ್ಲ.

ತಂಡದ ಕೊಂಡಿ ಮೇಸ್ತ್ರಿಯೇ ಆಗಿರಬೇಕೆನ್ನಲು ಇನ್ನೊಂದು ಕಾರಣವೂ ಇದೆ. ರಾಯಚೂರು, ಯಾದಗಿರಿ ಕಡೆಯವರು ಬಿತ್ತನೆ ಸುಗ್ಗಿಗೆ, ಬಿಹಾರದವರು ಛಠ್ ಹಬ್ಬಕ್ಕೆ ಊರಿಗೆ ಹೋಗುತ್ತಾರೆ. ಮರಳಿ ಅದೇ ಸೈಟಿಗೆ ಬರುತ್ತಾರೆಂಬ ಭರವಸೆಯಿಲ್ಲ. ಹೀಗೆ ಜನ ಬದಲಾದರೂ ತಂಡ ಕಲಿತದ್ದು ಮೇಸ್ತ್ರಿಯ ಬಳಿ ಉಳಿಯಬೇಕು. ಭಾಷೆಗಳೂ ಹಲವು. ಇಂಗ್ಲಿಷ್ ನಮೂನೆಗಳ ಬದಲು ಸರಿಯಾದ ಮತ್ತು ತಪ್ಪಾದ ಕೆಲಸದ ಫೋಟೋಗಳನ್ನು ಅಕ್ಕಪಕ್ಕ ಅಂಟಿಸಿದ ಹಲಗೆಯೊಂದು ಸಾಕು.

ಎಲ್ಲಕ್ಕಿಂತ ಕಠಿಣವಾದ ಅಡ್ಡಿ ಭಯ. ಸಭೆಯಲ್ಲಿ ಹೇಳಿದ ದೋಷ ಮುಂದಿನ ರನ್ನಿಂಗ್ ಬಿಲ್ಲಿನಲ್ಲಿ (ಕೆಲಸ ನಡೆದಂತೆ ಆಗಾಗ ಕೊಡುವ ಬಿಲ್ಲಿನಲ್ಲಿ) ಕಡಿತವಾಗಿ ಬಂದರೆ ಆ ಮೇಸ್ತ್ರಿ ಮತ್ತೆ ಬಾಯಿ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ದೋಷಗಳನ್ನು ಬರೆದಿಡುವ ತಂಡದ ಪುಸ್ತಕವನ್ನು ಬಿಲ್ಲಿಂಗ್ ವಿಭಾಗದ ಕೈಗೆ ಕೊಡದಿರುವ ನಿಯಮವನ್ನು ಪ್ರಾಜೆಕ್ಟ್ ಮ್ಯಾನೇಜರ್ ಎಲ್ಲರೆದುರು ಒಪ್ಪಿಕೊಳ್ಳಬೇಕು.

ಮ್ಯಾನೇಜರನ್ನು ಒಪ್ಪಿಸುವುದು ಹೇಗೆ? ಅವರ ಮೇಲೆ ಗಡುವಿನ ಒತ್ತಡವಿರುತ್ತದೆ. ಕನಿಷ್ಠ ದರಕ್ಕೆ ಪಡೆದ ಟೆಂಡರಿನಲ್ಲಿ ಇಂಥ ಖರ್ಚಿಗೆ ಎಡೆಯೂ ಇರುವುದಿಲ್ಲ. ಕಾಂಕ್ರೀಟಿನ ಘನಾಕಾರದ ಮಾದರಿಯನ್ನು ಒತ್ತಿ ಬಲ ಅಳೆಯುವ ಕ್ಯೂಬ್ ಪರೀಕ್ಷೆ ಇದೆಯಲ್ಲ ಎಂಬ ಉತ್ತರ ಬರುತ್ತದೆ. ಆದರೆ 28 ದಿನದ ಫಲಿತಾಂಶ ಕೈಸೇರುವ ಹೊತ್ತಿಗೆ ಮೇಲಿನ ಮಹಡಿಯ ಕೆಲಸ ನಡೆದಿರುತ್ತದೆ. ಕಂಬಿಯ ಹೊದಿಕೆಯ ಬಗ್ಗೆಯಾಗಲಿ, ಕಾಂಕ್ರೀಟಿನಲ್ಲಿ ಉಳಿದ ಪೊಳ್ಳುಗಳ ಬಗ್ಗೆಯಾಗಲಿ ಕ್ಯೂಬ್ ಏನನ್ನೂ ಹೇಳುವುದಿಲ್ಲ. ವಾದಕ್ಕಿಂತ ಲೆಕ್ಕ ಮೇಲು. ಒಂದು ಮಹಡಿಯಲ್ಲಿ ಪೊಳ್ಳು ಜಾಗವನ್ನು ಒಡೆದು, ಗ್ರೌಟ್ (ತೆಳು ಸಿಮೆಂಟ್ ಮಿಶ್ರಣ) ತುಂಬಿ, ಮತ್ತೆ ಪ್ಲಾಸ್ಟರ್ ಮಾಡಿದ್ದಕ್ಕೆ ತಗುಲಿದ ಸಾಮಗ್ರಿ, ಕೂಲಿ ಮತ್ತು ದಿನಗಳನ್ನು ತಂಡ ಆರಂಭವಾಗುವ ಮೊದಲೇ ಬರೆದಿಟ್ಟು, ಅದೇ ವಿನ್ಯಾಸದ ಮುಂದಿನ ಮಹಡಿಯ ಲೆಕ್ಕವನ್ನು ಅದರ ಪಕ್ಕದಲ್ಲಿ ರೂಪಾಯಿಗಳಲ್ಲಿ ತೋರಿಸಬೇಕು.